ಇವಿ ಕಾರು ದಾರಿಯಲ್ಲಿ ನಿಂತಿತೇ? ಯಾವ ಬ್ಯಾಟರಿ ಖಾಲಿ ಅಂತ ಮೊದಲು ನೋಡಿ

ಕಳೆದ ಮಳೆಗಾಲದಲ್ಲಿ ಎರಡು ವಾರದ ಅಂತರದಲ್ಲಿ ನಮ್ಮ ಮನೆಯ ಎರಡು ಇವಿ, ಅಂದರೆ ಎಲೆಕ್ಟ್ರಿಕ್ ಕಾರು, ನಿಂತವು. ಒಂದು ನನ್ನದು, ಶಿರಾಡಿ ಘಾಟಿಯಲ್ಲಿ, ರಾತ್ರಿ ಎಂಟೂವರೆಗೆ, ಜಡಿಮಳೆಯಲ್ಲಿ. ಇನ್ನೊಂದು ನಮ್ಮ ಭಾವನದು, ಹಾಸನದ ಮದುವೆ ಛತ್ರದ ಮುಂದೆ, ಹಾಡಹಗಲಲ್ಲಿ.

ಭಾವನ ಕಾರಿನ ಸ್ಕ್ರೀನ್ ಕಪ್ಪಾಗಿತ್ತು. ರಿಮೋಟ್ ಒತ್ತಿದರೆ ಬಾಗಿಲೂ ತೆರೆಯಲಿಲ್ಲ. ‘ಚಾರ್ಜ್ ಖಾಲಿ ಆಗಿದೆ’ ಅಂತ ಅವರೇ ತೀರ್ಮಾನ ಮಾಡಿ, ಟೋಯಿಂಗ್ ಗಾಡಿ ಕರೆಸಿ, ಊರಾಚೆಯ ಫಾಸ್ಟ್ ಚಾರ್ಜರ್ ತನಕ ಸಾಗಿಸಿದರು. ಅಲ್ಲಿ ಗನ್ (ಚಾರ್ಜರ್ ಕೇಬಲ್ ತುದಿಯ ದೊಡ್ಡ ಪ್ಲಗ್) ಹಾಕಿದರೆ ಚಾರ್ಜರ್ ಜಪ್ಪಯ್ಯ ಅಂದರೂ ಶುರುವಾಗಲಿಲ್ಲ. ಚಾರ್ಜರೇ ಕೆಟ್ಟಿದೆ ಅಂತ ಪಕ್ಕದ ಗನ್ ಹಾಕಿ ನೋಡಿದರು. ಅದೂ ಇಲ್ಲ. ಮಧ್ಯಾಹ್ನದ ಊಟ ತಪ್ಪಿದ ಮೇಲೆ ಗೊತ್ತಾಗಿದ್ದು ಇಷ್ಟು: ಕಾರು ಓಡಿಸುವ ದೊಡ್ಡ ಬ್ಯಾಟರಿಯಲ್ಲಿ 62 ಪರ್ಸೆಂಟ್ ಚಾರ್ಜ್ ಇತ್ತು. ಸತ್ತಿದ್ದು ಬಾನೆಟ್ ಒಳಗಿನ ಸಣ್ಣ 12 ವೋಲ್ಟ್ ಬ್ಯಾಟರಿ. ಛತ್ರದ ಮುಂದೆಯೇ ಬೇರೆ ಕಾರಿನ ಬ್ಯಾಟರಿಯಿಂದ ಜಂಪರ್ ಕೇಬಲ್ ಹಾಕಿದ್ದರೆ ಹತ್ತು ನಿಮಿಷದ ಕೆಲಸ.

ನನ್ನದು ನಿಜವಾಗಿಯೂ ಖಾಲಿಯಾಗಿತ್ತು. ಅದರ ಕಥೆ ಆಮೇಲೆ ಹೇಳುತ್ತೇನೆ.

ಪೆಟ್ರೋಲ್ ಕಾರು ನಿಂತರೆ ಕ್ಯಾನ್ ಹಿಡಿದು ಬಂಕ್ ಹುಡುಕಿಕೊಂಡು ಹೋಗಬಹುದು. ಇವಿಯಲ್ಲಿ ಹಾಗಾಗಲ್ಲ. ಸಹಾಯಕ್ಕೆ ಯಾರನ್ನು ಕರೆಯಬೇಕು, ಅವರು ಏನು ತರಬೇಕು ಅನ್ನುವುದು ಕಾರು ಯಾಕೆ ನಿಂತಿದೆ ಅನ್ನುವುದರ ಮೇಲೆ ನಿಂತಿದೆ. ಹಾಗಾಗಿ ಫೋನ್ ಎತ್ತುವ ಮೊದಲು ಐದು ನಿಮಿಷ ಕಾರನ್ನು ನೋಡಿ.

ಮೊದಲು ಜಾಗ

ಬಹಳಷ್ಟು ಇವಿಗಳು ಹೇಳದೆ ಕೇಳದೆ ನಿಲ್ಲುವುದಿಲ್ಲ. ಮೊದಲು ಎಚ್ಚರಿಕೆ ಕೊಡುತ್ತವೆ. ಆಮೇಲೆ ಆಮೆಯ ಚಿಹ್ನೆ ಬರುತ್ತದೆ, ಎಕ್ಸಲರೇಟರ್ ಎಷ್ಟು ಒತ್ತಿದರೂ ವೇಗ ಏರುವುದಿಲ್ಲ. ಆಮೆ ಬಂತು ಅಂದರೆ ಊರು ತಲುಪುವ ಆಸೆ ಬಿಡಿ. ಉಳಿದಿರುವ ಆ ಸ್ವಲ್ಪ ಶಕ್ತಿ ಒಳ್ಳೆಯ ಜಾಗ ಹುಡುಕುವುದಕ್ಕೆ ಇರುವುದು. ತಿರುವಿನಲ್ಲಿ ಬೇಡ, ಸೇತುವೆ ಮೇಲೆ ಬೇಡ. ಗೇಟು, ಚಹಾ ಅಂಗಡಿ, ಬಸ್ ನಿಲ್ದಾಣ, ಲೈಟ್ ಉರಿಯುವ ಮನೆ, ಯಾವುದಾದರೂ ಆದೀತು. ಲೈಟ್ ಇದೆ ಅಂದರೆ ಕರೆಂಟ್ ಇದೆ ಅಂತ ಅರ್ಥ ಅಲ್ವಾ?

ನಿಂತ ಮೇಲೆ ಹಜಾರ್ಡ್ ಲೈಟ್ ಹಾಕಿ. ಕೆಂಪು ತ್ರಿಕೋನವನ್ನು ಐವತ್ತು ಹೆಜ್ಜೆಯಾದರೂ ಹಿಂದೆ ಇಡಿ. ಘಾಟಿಯಲ್ಲಾದರೆ ತಿರುವಿನ ಆಚೆ ಇಡಿ, ಲಾರಿಯವರಿಗೆ ತಿರುಗುವ ಮೊದಲೇ ಕಾಣಬೇಕು. ಜನ ಕಾರಿನ ಹಿಂದೆ ನಿಲ್ಲಬಾರದು, ತಡೆಗೋಡೆಯ ಆಚೆ ನಿಲ್ಲಲಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033ಕ್ಕೆ ಫೋನ್ ಮಾಡಬಹುದು. ಅಪಾಯದ ಜಾಗವಾದರೆ 112.

ಎಸಿ, ಹಾಡು, ಹೆಡ್‌ಲೈಟ್ ಎಲ್ಲ ಆಫ್ ಮಾಡಿ. ದೊಡ್ಡ ಬ್ಯಾಟರಿ ಕೈಕೊಟ್ಟರೆ ಸಣ್ಣ ಬ್ಯಾಟರಿಗೆ ಚಾರ್ಜ್ ಕೊಡುವವರು ಯಾರೂ ಇರುವುದಿಲ್ಲ. ಹಜಾರ್ಡ್ ಲೈಟು, ಬಾಗಿಲಿನ ಲಾಕು, ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕು, ಎಲ್ಲವೂ ಅದರ ಮೇಲೇ ಬದುಕಿರುತ್ತವೆ. ಕಾಯುತ್ತಾ ಹಾಡು ಕೇಳಿ ಸಣ್ಣ ಬ್ಯಾಟರಿಯನ್ನೂ ಖಾಲಿ ಮಾಡಿಕೊಂಡರೆ ಒಂದು ತೊಂದರೆ ಎರಡಾಗುತ್ತದೆ.

ಹೊಗೆ, ಸುಟ್ಟ ವಾಸನೆ, ಕಾರಿನ ಅಡಿಗೆ ಕಲ್ಲು ಬಡಿದ ಸದ್ದು, ಸೀಟಿನ ಮಟ್ಟಕ್ಕೆ ನೀರು, ಇವುಗಳಲ್ಲಿ ಯಾವುದೇ ಇದ್ದರೆ ಮುಂದಿನದ್ದನ್ನು ಓದಬೇಡಿ. ದೂರ ಹೋಗಿ 112 ಒತ್ತಿ. ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಯಾವ ಕಾರಣಕ್ಕೂ ಮುಟ್ಟಬಾರದು.

ಸ್ಕ್ರೀನ್ ಕಪ್ಪಾಗಿದೆಯೇ?

ಇದು ಮೊದಲ ಪರೀಕ್ಷೆ. ರಿಮೋಟ್ ಒತ್ತಿ ನೋಡಿ, ಹಾರ್ನ್ ಮಾಡಿ ನೋಡಿ, ಒಳಗಿನ ಲೈಟ್ ಹಾಕಿ ನೋಡಿ. ಏನೂ ಇಲ್ಲ, ಅಥವಾ ಲೈಟ್ ಮಂಕಾಗಿದೆ ಅಂದರೆ 12 ವೋಲ್ಟ್ ಬ್ಯಾಟರಿ ಹೋಗಿದೆ. ಕೆಲವೊಮ್ಮೆ ಇದರ ಉಲ್ಟಾ ಆಗುತ್ತದೆ: ಎಲ್ಲ ಎಚ್ಚರಿಕೆ ದೀಪಗಳೂ ದೀಪಾವಳಿ ಸರದ ಹಾಗೆ ಒಟ್ಟಿಗೇ ಹತ್ತಿಕೊಳ್ಳುತ್ತವೆ, ಟಕ್ ಟಕ್ ಅಂತ ಸದ್ದು ಬರುತ್ತದೆ, ಕಾರು ಓಡಲು ಸಿದ್ಧ ಅನ್ನುವ ‘ರೆಡಿ’ ಮಾತ್ರ ಸ್ಕ್ರೀನಿನಲ್ಲಿ ಬರುವುದಿಲ್ಲ. ಜನ ಹೆದರಿ ಕಾರೇ ಸುಟ್ಟುಹೋಯಿತು ಅಂದುಕೊಳ್ಳುತ್ತಾರೆ. ಬಹುತೇಕ ಅದೂ 12 ವೋಲ್ಟ್ ಬ್ಯಾಟರಿಯದ್ದೇ ಕೆಲಸ.

ಇಷ್ಟು ದೊಡ್ಡ ಬ್ಯಾಟರಿ ಇರುವ ಕಾರಿಗೆ ಸಣ್ಣದು ಯಾಕೆ ಬೇಕು? ದೊಡ್ಡ ಬ್ಯಾಟರಿಯಲ್ಲಿ ಇರುವುದು ಮುನ್ನೂರು ವೋಲ್ಟಿನ ಮೇಲೆ. ಸುರಕ್ಷತೆಗೆ ಅಂತ ಕಾರು ಆಫ್ ಆದಾಗ ಅದನ್ನು ಸ್ವಿಚ್ಚುಗಳಿಂದ ಪೂರ್ತಿ ಬೇರ್ಪಡಿಸಿರುತ್ತಾರೆ. ಆ ಸ್ವಿಚ್ಚುಗಳನ್ನು ಕೂಡಿಸುವುದು 12 ವೋಲ್ಟ್ ಬ್ಯಾಟರಿ. ಕಣಜದ ತುಂಬಾ ಭತ್ತ ಇದೆ, ಬೀಗದ ಕೈ ಕಳೆದಿದೆ ಅನ್ನುವ ಹಾಗೆ. ಫಾಸ್ಟ್ ಚಾರ್ಜರ್‌ಗೆ ಒಯ್ದರೂ ಚಾರ್ಜ್ ಆಗದಿರುವುದು ಇದೇ ಕಾರಣಕ್ಕೆ. ಚಾರ್ಜರ್ ಜೊತೆ ಮಾತಾಡುವ ಕಂಪ್ಯೂಟರ್ ಕೂಡ ಸಣ್ಣ ಬ್ಯಾಟರಿಯಿಂದಲೇ ಏಳಬೇಕು.

ಪೆಟ್ರೋಲ್ ಕಾರಿನಲ್ಲಿ ಈ ಬ್ಯಾಟರಿ ಸಾಯುವ ಮೊದಲು ಒಂದಷ್ಟು ದಿನ ಸೂಚನೆ ಕೊಡುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಎಳೆದೆಳೆದು ತಿರುಗುತ್ತದೆ. ಇವಿಯಲ್ಲಿ ಸ್ಟಾರ್ಟರ್ ಮೋಟಾರೇ ಇಲ್ಲ. ನಿನ್ನೆ ಸರಿಯಿತ್ತು, ಇವತ್ತು ಇಲ್ಲ, ಅಷ್ಟೇ. ಮೂರ್ನಾಲ್ಕು ವರ್ಷ ಹಳೆಯ ಬ್ಯಾಟರಿ, ಹಗಲು ರಾತ್ರಿ ಆನ್ ಇರುವ ಡ್ಯಾಶ್‌ಕ್ಯಾಮ್, ಸರಿಯಾಗಿ ಮುಚ್ಚದ ಡಿಕ್ಕಿ, ಹತ್ತಿಪ್ಪತ್ತು ದಿನ ಒಂದೇ ಕಡೆ ನಿಂತ ಕಾರು, ಸಾಮಾನ್ಯ ಕಾರಣಗಳು ಇವೇ. ಭಾವನ ಕಾರಿನಲ್ಲಿ ಡ್ಯಾಶ್‌ಕ್ಯಾಮ್.

ಮಲ್ಟಿಮೀಟರ್ ಇದ್ದರೆ ಅಳತೆ ಸುಲಭ. ಕಾರು ಆಫ್ ಇದ್ದಾಗ 12.6 ವೋಲ್ಟ್ ಆಸುಪಾಸು ಇದ್ದರೆ ಆರೋಗ್ಯ. 12ಕ್ಕಿಂತ ಕೆಳಗಿದ್ದರೆ ಅನುಮಾನ. 11.5 ಅಂದರೆ ಮುಗಿಯಿತು. ಕಾರು ‘ರೆಡಿ’ ಆದ ಮೇಲೆ 13.5ರಿಂದ 14.5ರ ನಡುವೆ ತೋರಿಸಬೇಕು. ‘ರೆಡಿ’ ಇದ್ದರೂ 12ರಲ್ಲೇ ಇದೆ ಅಂದರೆ ದೊಡ್ಡ ಬ್ಯಾಟರಿಯಿಂದ ಸಣ್ಣದಕ್ಕೆ ಚಾರ್ಜ್ ಕೊಡುವ ಕನ್ವರ್ಟರ್ ಕೆಲಸ ಮಾಡುತ್ತಿಲ್ಲ. ಅದು ಸರ್ವಿಸ್ ಸೆಂಟರ್ ಕೆಲಸ, ರಸ್ತೆಯಲ್ಲಿ ರಿಪೇರಿ ಆಗಲ್ಲ.

ಪರಿಹಾರ ಹಳೆಯದೇ. ಕೀ ಒಳಗೆ ಅಡಗಿರುವ ಲೋಹದ ಕೀಯಿಂದ ಡ್ರೈವರ್ ಬಾಗಿಲು ತೆಗೆಯಿರಿ, ಬಾನೆಟ್ ಎತ್ತಿ. ಕೆಂಪು ಕೇಬಲ್ ಪ್ಲಸ್‌ಗೆ. ಕಪ್ಪು ಕೇಬಲ್ ಬ್ಯಾಟರಿಯಿಂದ ಸ್ವಲ್ಪ ದೂರದ, ಬಣ್ಣ ಬಳಿಯದ ಲೋಹದ ಭಾಗಕ್ಕೆ. ಕಾರು ಎದ್ದು ‘ರೆಡಿ’ ಬಂದ ಮೇಲೆ ಕೇಬಲ್ ತೆಗೆದು, ಒಂದು ಗಂಟೆಯಾದರೂ ಆಫ್ ಮಾಡದೆ ಬಿಡಿ ಅಥವಾ ಓಡಿಸಿ. ಇವಿಯಲ್ಲಿ ನಿಂತಲ್ಲೇ ‘ರೆಡಿ’ ಇದ್ದರೂ ಸಣ್ಣ ಬ್ಯಾಟರಿ ಚಾರ್ಜ್ ಆಗುತ್ತದೆ, ಎಂಜಿನ್ ಓಡಬೇಕು ಅಂತೇನಿಲ್ಲ.

ಒಂದು ಮಾತು ಒತ್ತಿ ಹೇಳಬೇಕು. ಹೆದ್ದಾರಿಯಲ್ಲಿ ಮೊದಲು ನಿಲ್ಲಿಸಿ ಸಹಾಯಕ್ಕೆ ಬರುವವರು ಲಾರಿಯವರು. ಒಳ್ಳೆಯ ಜನ. ‘ನಮ್ಮ ಬ್ಯಾಟರಿಯಿಂದ ಹಾಕಿ ಸರ್’ ಅನ್ನುತ್ತಾರೆ. ಬೇಡ. ದೊಡ್ಡ ಲಾರಿಗಳಲ್ಲಿ ಇರುವುದು 24 ವೋಲ್ಟ್. ಅದನ್ನು ನಿಮ್ಮ ಕಾರಿಗೆ ಕೊಟ್ಟರೆ ಕಂಪ್ಯೂಟರ್ ಬೋರ್ಡುಗಳು ಸುಟ್ಟುಹೋಗಬಹುದು. ಪೆಟ್ರೋಲ್ ಕಾರು, ಇಲ್ಲವೇ ಕೈಯಲ್ಲಿ ಹಿಡಿಯುವ ಜಂಪ್ ಸ್ಟಾರ್ಟರ್ ಮಾತ್ರ. ಹಾಗೇ ನಿಮ್ಮ ಇವಿಯಿಂದ ಬೇರೆ ಕಾರಿಗೆ ಜಂಪ್ ಕೊಡಲೂ ಹೋಗಬೇಡಿ. ಎಂಜಿನ್ ತಿರುಗಿಸುವಷ್ಟು ಕರೆಂಟ್ ಕೊಡಲು ಆ ಸಣ್ಣ ಬ್ಯಾಟರಿ ಮಾಡಿದ್ದಲ್ಲ.

ಸ್ಕ್ರೀನ್ ಬೆಳಗುತ್ತಿದೆ, ಚಾರ್ಜ್ ಸೊನ್ನೆ

ಈಗ ನನ್ನ ಸರದಿ. ಕಾರು 30 ಯೂನಿಟ್ ಬ್ಯಾಟರಿಯದ್ದು. ಕಿಲೋವ್ಯಾಟ್ ಅವರ್ ಅಂತ ಬ್ರೋಷರಿನಲ್ಲಿ ಬರೆಯುವುದು ಕರೆಂಟ್ ಬಿಲ್ಲಿನ ಯೂನಿಟ್ಟೇ, ಬೇರೇನಲ್ಲ. ಮಂಗಳೂರಿಂದ ವಾಪಸ್ ಬರುತ್ತಿದ್ದೆ. ಘಾಟಿಯ ಮೇಲ್ತುದಿಯ ಹೆಗ್ಗದ್ದೆ ದಾಟಿದ ಮೇಲೆ ಆಮೆ ಕಾಣಿಸಿಕೊಂಡಿತು. ಎಡಗಡೆ ಒಂದು ಕಾಫಿ ತೋಟದ ಗೇಟು, ಒಳಗೆ ಒಂದು ಬಲ್ಬು. ಅಲ್ಲಿಗೇ ತಿರುಗಿಸಿದೆ. ಗೇಟಿನಿಂದ ನಾಲ್ಕು ಮಾರು ಒಳಗೆ ಹೋಗಿ ನಿಂತಿತು.

ಸೊನ್ನೆ ಆಗಿ ನಿಂತ ಕಾರನ್ನು ಆಫ್ ಮಾಡಿ ಹದಿನೈದು ಇಪ್ಪತ್ತು ನಿಮಿಷ ಬಿಟ್ಟರೆ ಕೆಲವೊಮ್ಮೆ ಮತ್ತೆ ಏಳುತ್ತದೆ. ಭಾರ ಎಳೆಯುವಾಗ ಕುಸಿದ ವೋಲ್ಟೇಜ್ ವಿಶ್ರಾಂತಿಯಲ್ಲಿ ಸ್ವಲ್ಪ ಮೇಲೇರುತ್ತದೆ. ಅದರಲ್ಲಿ ನೂರಿನ್ನೂರು ಮೀಟರ್ ತೆವಳಬಹುದು. ತಿರುವಿನಿಂದ ಕಾರನ್ನು ಬದಿಗೆ ತರಲು ಅದು ಸಾಕು, ಊರು ಮುಟ್ಟಲು ಅಲ್ಲ. ಮತ್ತೆ ಮತ್ತೆ ಹಾಗೆ ಹಿಂಡಿದರೆ ಬ್ಯಾಟರಿಗೆ ಕೆಟ್ಟದ್ದು.

ಘಾಟಿಯಲ್ಲಿ ಇನ್ನೊಂದು ಆಯ್ಕೆ ಇದೆ, ಆದರೆ ಅದು ನಿಲ್ಲುವ ಮೊದಲು ಮಾತ್ರ. 4-5 ಪರ್ಸೆಂಟ್ ಉಳಿದಿದೆ, ಮೇಲೆ ಇನ್ನೂ ಬಹಳ ಹತ್ತುವುದಿದೆ ಅನ್ನಿಸಿದರೆ ಕಾರು ತಿರುಗಿಸಿ ಇಳಿಯಿರಿ. ಇಳಿಜಾರಿನಲ್ಲಿ ಚಾರ್ಜ್ ಖರ್ಚಾಗುವುದಿಲ್ಲ, ನಿಧಾನವಾಗಿ ಇಳಿದರೆ ಒಂದಿಷ್ಟು ವಾಪಸ್ಸೂ ಬರುತ್ತದೆ. ಇಳಿಯುವಾಗ ಕಾರು ‘ಡ್ರೈವ್’ನಲ್ಲೇ ಇರಬೇಕು. ಆಫ್ ಮಾಡಿ ಉರುಳಿಸಿದರೆ ಸ್ಟೀರಿಂಗ್ ಕಲ್ಲಾಗುತ್ತದೆ, ಬ್ರೇಕಿನ ಬೂಸ್ಟರ್ ಕೂಡ ಬಿಟ್ಟುಹೋಗುತ್ತದೆ. ನನಗೆ ಈ ಬುದ್ಧಿ ಬಂದಾಗ ಆಮೆ ಬಂದಾಗಿತ್ತು.

ಫೋನಿನಲ್ಲಿ ಏನು ಹೇಳಬೇಕು

ಕಾರಿನ ಕಂಪನಿಯ ರಸ್ತೆ ಬದಿ ಸಹಾಯ ಅಥವಾ ಇನ್ಶೂರೆನ್ಸ್ ಜೊತೆ ಬಂದಿರುವ ಸಹಾಯ, ಎರಡರಲ್ಲಿ ಒಂದಾದರೂ ಬಹಳ ಜನರ ಹತ್ತಿರ ಇರುತ್ತದೆ. ನಂಬರ್ ಎಲ್ಲಿದೆ ಅಂತ ಮಾತ್ರ ಗೊತ್ತಿರುವುದಿಲ್ಲ. ಇವತ್ತೇ ಫೋನಿನಲ್ಲಿ ಸೇವ್ ಮಾಡಿ. ಪಾಲಿಸಿಯಲ್ಲಿ ಎರಡು ಸಾಲು ಓದಿ: ಚಾರ್ಜ್ ಖಾಲಿ ಆಗಿ ನಿಂತರೆ ಬರುತ್ತಾರಾ, ಎಷ್ಟು ಕಿಲೋಮೀಟರ್ ತನಕ ಉಚಿತವಾಗಿ ಎಳೆಯುತ್ತಾರೆ.

ನಾನು ಫೋನ್ ಮಾಡಿದಾಗ ಆ ಕಡೆಯ ಹುಡುಗ ‘ಎಷ್ಟು ಲೀಟರ್ ತರಬೇಕು ಸರ್?’ ಅಂದ. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆ ಮೇಲೆ ಹೀಗೆ ಹೇಳುವುದು ಕಲಿತೆ: ‘ಇದು ಇವಿ. ದೊಡ್ಡ ಬ್ಯಾಟರಿ ಖಾಲಿ, ಸಣ್ಣ ಬ್ಯಾಟರಿ ಸರಿಯಿದೆ, ಕಾರು ನ್ಯೂಟ್ರಲ್‌ಗೆ ಬರುತ್ತದೆ. ಕಾರನ್ನು ಮೇಲೆ ಹೇರಿಕೊಂಡು ಹೋಗುವ ಫ್ಲ್ಯಾಟ್‌ಬೆಡ್ ಬೇಕು, ಕೊಕ್ಕೆ ಹಾಕುವ ಗಾಡಿ ಬೇಡ. ಎಡಕ್ಕೆ ಎಳೆಯಲು ಜಾಗ ಇದೆ.’ ಇಷ್ಟು ಹೇಳಿದರೆ ಸರಿಯಾದ ಗಾಡಿ ಬರುತ್ತದೆ. ಸಣ್ಣ ಬ್ಯಾಟರಿಯೂ ಸತ್ತಿದ್ದರೆ ಅದನ್ನೂ ಹೇಳಿ. ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಬಿಡದೆ ಚಕ್ರ ಕಚ್ಚಿಕೊಂಡಿರುತ್ತದೆ, ಮೊದಲು ಜಂಪ್ ಕೊಡಬೇಕು, ಇಲ್ಲವಾದರೆ ಚಕ್ರದ ಅಡಿ ಇಡುವ ಸಣ್ಣ ಟ್ರಾಲಿ ತರಬೇಕು.

ಫ್ಲ್ಯಾಟ್‌ಬೆಡ್ಡೇ ಯಾಕೆ? ಪೆಟ್ರೋಲ್ ಕಾರನ್ನು ನ್ಯೂಟ್ರಲ್ ಮಾಡಿದರೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿಯುತ್ತದೆ. ಬಹುತೇಕ ಇವಿಗಳಲ್ಲಿ ಮೋಟಾರು ಚಕ್ರಕ್ಕೆ ಗೇರಿನ ಮೂಲಕ ಸದಾ ಅಂಟಿಕೊಂಡೇ ಇರುತ್ತದೆ. ಮೋಟಾರಿನ ಒಳಗೆ ಆಯಸ್ಕಾಂತ. ಚಕ್ರ ಉರುಳಿದರೆ ಮೋಟಾರು ಡೈನಮೋ ಆಗಿ ಕರೆಂಟ್ ಹುಟ್ಟಿಸುತ್ತದೆ. ಹಗ್ಗ ಕಟ್ಟಿ ನಲವತ್ತು ಐವತ್ತರ ವೇಗದಲ್ಲಿ ಎಳೆದರೆ ಆ ಕರೆಂಟು ಎಲ್ಲಿಗೆ ಹೋಗಬೇಕು? ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ತಕ್ಕ ಹಾಗೆ ಬದಲಿಸುವ ಇನ್ವರ್ಟರ್ ಹಾಳಾಗಬಹುದು, ಬಿಸಿಯಾಗಬಹುದು. ಹಗ್ಗ ಕಟ್ಟಿ ಎಳೆದು ಚಾರ್ಜ್ ಮಾಡುವ ವಿಡಿಯೋಗಳು ಓಡಾಡುತ್ತವೆ. ಅವನ್ನು ನೋಡಿ ನಗಿ, ಮಾಡಬೇಡಿ. ನಾಲ್ಕು ಜನ ಸೇರಿ ಹತ್ತು ಮೀಟರ್ ತಳ್ಳುವುದಕ್ಕೆ ಅಡ್ಡಿಯಿಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ಬಂದ ಪುಟ್ಟ ರೇವಾ ಎಲೆಕ್ಟ್ರಿಕ್ ಕಾರು ಆಗಿದ್ದರೆ ಇಬ್ಬರು ಸಾಕಿತ್ತು. ಈಗಿನ ಇವಿಗಳು ಸುಮಾರು ಒಂದೂವರೆ ಟನ್ ತೂಗುತ್ತವೆ.

ಹಾಸನದಿಂದ ಗಾಡಿ ಬರಲು ಎರಡೂವರೆ ಗಂಟೆ ಅಂದರು. ಸರಿ, ಬರಲಿ ಅಂತ ಹೇಳಿ ತೋಟದ ಕಡೆ ತಿರುಗಿದೆ.

ತೋಟದ ಪ್ಲಗ್ ಪಾಯಿಂಟ್

ಛತ್ರಿ ಹಿಡಿದು ಬಂದವರು ತೋಟದ ಲೆಕ್ಕ ನೋಡಿಕೊಳ್ಳುವ ರೈಟರ್. ವಿಷಯ ಹೇಳಿದೆ. ‘ಎಷ್ಟು ಯೂನಿಟ್ ಎಳೀತದೆ ಸರ್ ಇದು?’ ಅಂದರು. ಒಳ್ಳೆಯ ಪ್ರಶ್ನೆ. ನಾನೂ ಅದನ್ನೇ ಮೊದಲು ಕೇಳಿಕೊಳ್ಳಬೇಕಿತ್ತು.

ದಾರಿಯಲ್ಲಿ ನಿಂತವರು ಮಾಡುವ ದೊಡ್ಡ ತಪ್ಪು ಅಂದರೆ ಫುಲ್ ಚಾರ್ಜಿನ ಲೆಕ್ಕ ಹಾಕುವುದು. ಮನೆಯ ಪಾಯಿಂಟಿನಲ್ಲಿ ಫುಲ್ ಆಗಲು ಹನ್ನೆರಡು ಗಂಟೆ ಬೇಕು ಅಂತ ಕೈಚೆಲ್ಲುತ್ತಾರೆ. ನಿಮಗೆ ಫುಲ್ ಬೇಕಾಗಿಲ್ಲ, ಮುಂದಿನ ಫಾಸ್ಟ್ ಚಾರ್ಜರ್ ತನಕ ಹೋದರೆ ಸಾಕು. ನನಗೆ ಸಕಲೇಶಪುರಕ್ಕೆ ಉಳಿದಿದ್ದು ಹತ್ತು ಕಿಲೋಮೀಟರ್ ಚಿಲ್ಲರೆ, ಸ್ವಲ್ಪ ಏರು. ಎರಡು ಯೂನಿಟ್ ಸಾಕು. 15 ಆಂಪ್ ಪಾಯಿಂಟಿನಿಂದ ಗಂಟೆಗೆ ಎರಡೂವರೆ ಯೂನಿಟ್ ಬ್ಯಾಟರಿಗೆ ಸೇರುತ್ತದೆ ಅಂದುಕೊಳ್ಳಿ. ಅಂದರೆ ಒಂದು ಗಂಟೆ. ಧೈರ್ಯಕ್ಕೆ ಇನ್ನರ್ಧ ಗಂಟೆ. ಟೋಯಿಂಗ್ ಗಾಡಿಗಿಂತ ಬೇಗ!

ಮೊದಲು ಹಾಕಿದ್ದು ತೋಟದ ಕೆಲಸಗಾರರ ಲೈನ್ ಮನೆಯ ವರಾಂಡದ ಪಾಯಿಂಟಿಗೆ. ಪೋರ್ಟಬಲ್ ಚಾರ್ಜರಿನಲ್ಲಿ ಕೆಂಪು ದೀಪ. ಅರ್ತ್ ಇಲ್ಲ ಅಂತ ಅರ್ಥ. ಹಳ್ಳಿಗಳಲ್ಲಿ ಅತಿ ಹೆಚ್ಚು ಸಿಗುವ ತೊಂದರೆ ಇದೇ. ಮೂರು ತೂತಿನ ಸಾಕೆಟ್ ಇರುತ್ತದೆ, ಹಿಂದೆ ಬಂದಿರುವುದು ಎರಡೇ ವೈರು. ಫ್ಯಾನು, ಟಿವಿ, ಮಿಕ್ಸಿ ಎಲ್ಲ ಅದರಲ್ಲೇ ಓಡುತ್ತಿರುತ್ತವೆ, ಯಾರಿಗೂ ಗೊತ್ತಾಗಿರುವುದಿಲ್ಲ. ಕಾರಿನ ಚಾರ್ಜರ್ ಮಾತ್ರ ಪರೀಕ್ಷೆ ಮಾಡಿ ನೋಡುತ್ತದೆ, ಅರ್ತ್ ಸಿಗದಿದ್ದರೆ ಹಠ ಹಿಡಿಯುತ್ತದೆ. ಎಕ್ಸ್‌ಟೆನ್ಷನ್ ಬೋರ್ಡಿನ ಕಥೆಯೂ ಇದೇ: ಬೋರ್ಡಿನಲ್ಲಿ ಮೂರು ಪಿನ್ನು, ವೈರಿನಲ್ಲಿ ಎರಡು ಎಳೆ.

ಆಗ ಮಾಡಬೇಕಾದ್ದು ಪಾಯಿಂಟ್ ಬದಲಿಸುವುದು. ಗೀಸರ್ ಪಾಯಿಂಟ್, ಪಂಪ್ ಮನೆ, ಕಾಫಿ ಪಲ್ಪರ್ ಇರುವ ಶೆಡ್ಡು, ಹಿಟ್ಟಿನ ಗಿರಣಿ, ಇಂಥ ಕಡೆ ಭಾರದ ಯಂತ್ರ ಇರುವುದರಿಂದ ಅರ್ತಿಂಗ್ ಮಾಡಿಸಿರುತ್ತಾರೆ. ತ್ರೀ ಫೇಸ್ ಮೋಟಾರಿನ ಸ್ಟಾರ್ಟರಿಗೆ ಕೈ ಹಾಕಬೇಡಿ, ಪಕ್ಕದಲ್ಲಿ ಮಾಮೂಲಿ ಸಾಕೆಟ್ ಇದ್ದರೆ ಮಾತ್ರ. ರೈಟರ್ ನನ್ನನ್ನು ಪಲ್ಪರ್ ಶೆಡ್ಡಿಗೆ ಕರೆದುಕೊಂಡು ಹೋದರು. ಇಬ್ಬರು ಹುಡುಗರು ಬಂದು ಕಾರು ತಳ್ಳಿದರು. ಹಸಿರು ದೀಪ ಬಂತು.

ಅರ್ತ್ ಇಲ್ಲದ ಪಾಯಿಂಟಿನಲ್ಲಿ ಚಾರ್ಜರನ್ನು ಮೋಸ ಮಾಡಲು ಅಡ್ಡದಾರಿಯ ಅಡಾಪ್ಟರುಗಳು ಸಿಗುತ್ತವೆ. ನ್ಯೂಟ್ರಲ್ಲನ್ನೇ ಅರ್ತ್ ಪಿನ್ನಿಗೆ ಸೇರಿಸಿ ಕೊಡುವ ಎಲೆಕ್ಟ್ರಿಷಿಯನ್ನರೂ ಇದ್ದಾರೆ. ಮಳೆಯಲ್ಲಿ, ಒದ್ದೆ ನೆಲದಲ್ಲಿ, ಆ ನ್ಯೂಟ್ರಲ್ ವೈರ್ ಎಲ್ಲಾದರೂ ಬಿಟ್ಟರೆ ಕಾರಿನ ಇಡೀ ಮೈಗೆ ಕರೆಂಟ್ ಬರುತ್ತದೆ. ಬಾಗಿಲು ಮುಟ್ಟಿದವರು ಹೋದರು. ಎರಡೂವರೆ ಗಂಟೆ ಕಾಯುವುದೇ ಮೇಲು.

ದೀಪ ಹಸಿರಾಗಿ, ಚಾರ್ಜ್ ಶುರುವಾಗಿ, ಐದು ನಿಮಿಷಕ್ಕೆ ನಿಂತರೆ ಎರಡು ಕಾರಣ ನೋಡಿ. ಒಂದು, ವೋಲ್ಟೇಜ್. ಸಂಜೆ ಹೊತ್ತು ಎಲ್ಲ ಮನೆಯಲ್ಲೂ ಲೈಟು, ಟಿವಿ. ಲೈನಿನ ಕೊನೆಯ ಮನೆಗೆ 180 ವೋಲ್ಟ್ ಬಂದರೆ ಪುಣ್ಯ. ಭಾರ ಬಿದ್ದ ಕೂಡಲೇ ಇನ್ನೂ ಕುಸಿಯುತ್ತದೆ, ಚಾರ್ಜರ್ ಕೈಬಿಡುತ್ತದೆ. ಆಂಪ್ ಕಡಿಮೆ ಮಾಡುವ ಸೌಲಭ್ಯ ಕಾರಿನಲ್ಲೋ ಚಾರ್ಜರಿನಲ್ಲೋ ಇದ್ದರೆ 8ಕ್ಕೋ 6ಕ್ಕೋ ಇಳಿಸಿ. ನಿಧಾನ ಆಗುತ್ತದೆ, ಆದರೆ ಆಗುತ್ತದೆ. ಎರಡು, ಬಿಸಿ. ಹದಿನೈದು ನಿಮಿಷಕ್ಕೊಮ್ಮೆ ಪ್ಲಗ್ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಸಾಕೆಟ್ ಸಡಿಲವಾಗಿದೆ, ನಿಲ್ಲಿಸಿ. ಎಕ್ಸ್‌ಟೆನ್ಷನ್ ಬೇಕೇ ಬೇಕು ಅಂದರೆ 2.5 ಸ್ಕ್ವೇರ್ ಎಂಎಂ ತಾಮ್ರದ ಮೂರು ಎಳೆಯ ವೈರ್ ಇರಲಿ, ಸುರುಳಿ ಪೂರ್ತಿ ಬಿಚ್ಚಿರಲಿ. ಸುತ್ತಿದ ವೈರ್ ಒಲೆಯಾಗುತ್ತದೆ.

ಕರೆಂಟೇ ಇಲ್ಲದಿದ್ದರೆ? ಮಲೆನಾಡಿನ ಮಳೆಗಾಲದಲ್ಲಿ ಇದು ಅಪರೂಪವಲ್ಲ. ಕರೆಂಟಿನ ದೂರಿಗೆ ಇರುವ 1912ಕ್ಕೆ ಫೋನ್ ಮಾಡಿದರೆ ಎಷ್ಟು ಹೊತ್ತಿಗೆ ಬರಬಹುದು ಅಂತ ಅಂದಾಜಾದರೂ ಸಿಗುತ್ತದೆ. ಜನರೇಟರ್ ಇದೆ ಅಂತ ಯಾರಾದರೂ ಹೇಳಿದರೆ ಖುಷಿಪಡುವ ಮೊದಲು ಎರಡು ವಿಷಯ. ಅಂಗಡಿಯ ಮುಂದಿಡುವ ಸಣ್ಣ ಜನರೇಟರ್ 1 ಕೆವಿಎ ಇರುತ್ತದೆ, ಅದರಿಂದ ಆಗುವುದಿಲ್ಲ. ದೊಡ್ಡದಿದ್ದರೂ ಬಹಳಷ್ಟು ಪೋರ್ಟಬಲ್ ಜನರೇಟರ್‌ಗಳಲ್ಲಿ ನ್ಯೂಟ್ರಲ್ಲಿಗೂ ಅರ್ತಿಗೂ ಸಂಪರ್ಕ ಇರುವುದಿಲ್ಲ. ಚಾರ್ಜರಿಗೆ ಮತ್ತೆ ಅರ್ತ್ ಸಿಗುವುದಿಲ್ಲ, ಮತ್ತೆ ಕೆಂಪು ದೀಪ. ಸಹಾಯಕ್ಕೆ ಬರುವ ಚಾರ್ಜಿಂಗ್ ವ್ಯಾನುಗಳು ಈ ಏರ್ಪಾಡು ಮಾಡಿಕೊಂಡೇ ಬರುತ್ತವೆ. ಅಂಥವು ದೊಡ್ಡ ನಗರದ ಆಚೆ ಸಿಗುವುದು ಕಷ್ಟ. ಇತ್ತೀಚಿನ ಕೆಲವು ಇವಿಗಳು ತಮ್ಮ ಬ್ಯಾಟರಿಯಿಂದ ಹೊರಗಿನ ಪ್ಲಗ್ಗಿಗೆ ಸುಮಾರು ಮೂರು ಕಿಲೋವ್ಯಾಟ್ ಕೊಡಬಲ್ಲವು. ದಾರಿಯಲ್ಲಿ ಅಂಥ ಕಾರಿನವರು ಸಿಕ್ಕರೆ ನಾಚಿಕೆ ಬಿಟ್ಟು ಕೇಳಿ.

ಒಂದೂವರೆ ಗಂಟೆಯಲ್ಲಿ 12 ಪರ್ಸೆಂಟ್ ಆಯಿತು. ಟೋಯಿಂಗ್‌ನವರಿಗೆ ಫೋನ್ ಮಾಡಿ ಬರಬೇಡಿ ಅಂದೆ. ಅಷ್ಟು ಹೊತ್ತಿಗೂ ಅವರು ಹಾಸನ ಬಿಟ್ಟಿರಲಿಲ್ಲ.

ಚಾರ್ಜರ್ ಮುಂದೆಯೇ ನಿಂತಿದ್ದೀರಿ, ಚಾರ್ಜ್ ಆಗುತ್ತಿಲ್ಲ

2 ಪರ್ಸೆಂಟಿನಲ್ಲಿ ಚಾರ್ಜರ್ ತಲುಪಿ, ಅದು ಕೆಲಸ ಮಾಡದಿದ್ದರೆ ಆಗುವ ಸಂಕಟ ಅನುಭವಿಸಿದವರಿಗೇ ಗೊತ್ತು. ಆದರೆ ಕೆಟ್ಟಿದೆ ಅಂತ ಜನ ಬಿಟ್ಟುಹೋಗುವ ಎಷ್ಟೋ ಚಾರ್ಜರುಗಳು ಕೆಟ್ಟಿರುವುದಿಲ್ಲ.

ಮೊದಲು ಕೆಂಪು ಎಮರ್ಜೆನ್ಸಿ ಬಟನ್ ನೋಡಿ. ಯಾರೋ ಮಗು ಒತ್ತಿ ಹೋಗಿರುತ್ತದೆ. ಬಾಣದ ಗುರುತಿನ ಕಡೆ ತಿರುಗಿಸಿದರೆ ಹೊರಗೆ ಬರುತ್ತದೆ. ಆಮೇಲೆ ಆಪ್. ವಾಲೆಟ್ಟಿನಲ್ಲಿ ದುಡ್ಡು ಇರಬೇಕು, ಘಾಟಿಯ ಬುಡದಲ್ಲಿ ನೆಟ್‌ವರ್ಕ್ ಇಲ್ಲದೆ ಒಟಿಪಿ ಬರುವುದಿಲ್ಲ. ಚಾರ್ಜರ್ ಮೇಲೆ ಬರೆದಿರುವ ನಂಬರಿಗೆ ಫೋನ್ ಮಾಡಿದರೆ ಬಹಳ ಸಲ ಅವರೇ ದೂರದಿಂದ ರೀಸ್ಟಾರ್ಟ್ ಮಾಡಿ ಶುರು ಮಾಡಿಕೊಡುತ್ತಾರೆ.

ಗನ್ ಹಾಕಿದ ಮೇಲೆ ಕಾರು ಮತ್ತು ಚಾರ್ಜರ್ ಕೆಲವು ಸೆಕೆಂಡು ಮಾತಾಡಿಕೊಳ್ಳುತ್ತವೆ, ಸೋರಿಕೆ ಇದೆಯಾ ಅಂತ ಪರೀಕ್ಷೆ ಮಾಡುತ್ತವೆ. ಆ ಹೊತ್ತಿನಲ್ಲಿ ಸಂಪರ್ಕ ಅಲ್ಲಾಡಿದರೆ ಎರರ್. ಫಾಸ್ಟ್ ಚಾರ್ಜರಿನ ಡಿಸಿ ಗನ್ನಿನ ಕೇಬಲ್ ಭಾರ, ಗನ್ ಕೆಳಗೆ ಜೋತು ಬೀಳುತ್ತದೆ. ಹಾಗಾಗಿ ಗನ್ನನ್ನು ಕೈಯಿಂದ ಸ್ವಲ್ಪ ಮೇಲೆತ್ತಿ, ಒಳಕ್ಕೆ ಒತ್ತಿ ಹಿಡಿದು, ಕರೆಂಟ್ ಹರಿಯಲು ಶುರುವಾಗುವ ತನಕ ಬಿಡಬೇಡಿ. ಕೇಳಲು ತಮಾಷೆ ಅನ್ನಿಸಬಹುದು, ನನಗೆ ಇದು ಮೂರು ಸಲ ಕೈಹಿಡಿದಿದೆ. ಮಳೆಯಲ್ಲಿ ಪಿನ್ನುಗಳ ಮೇಲೆ ನೀರು ಕೂತಿದ್ದರೆ ಗನ್ ಕೆಳಮುಖ ಮಾಡಿ ಕೊಡವಿ, ಒಳಗೆ ಬೆರಳು ಹಾಕಬೇಡಿ. ಅದೂ ಆಗದಿದ್ದರೆ ಕಾರನ್ನು ಪೂರ್ತಿ ಆಫ್ ಮಾಡಿ, ಲಾಕ್ ಮಾಡಿ, ಐದು ನಿಮಿಷ ಬಿಟ್ಟು ಮತ್ತೆ ಹಾಕಿ. ರಾತ್ರಿ ಮಾತ್ರ ಚಾರ್ಜ್ ಆಗಲಿ ಅಂತ ಕಾರಿನಲ್ಲಿ ಟೈಮರ್ ಇಟ್ಟು ಮರೆತಿರುವವರೂ ಇದ್ದಾರೆ.

ಚಾರ್ಜ್ ಆದ ಮೇಲೆ ಗನ್ ಬರದಿದ್ದರೆ ಎಳೆದಾಡಬೇಡಿ. ಕಾರನ್ನು ಲಾಕ್ ಮಾಡಿ ಅನ್‌ಲಾಕ್ ಮಾಡಿ. ಆಗಲೂ ಬಿಡದಿದ್ದರೆ ಹಲವು ಕಾರುಗಳಲ್ಲಿ ಡಿಕ್ಕಿಯಲ್ಲೋ ಬಾನೆಟ್ ಒಳಗೋ ಒಂದು ದಾರ ಇರುತ್ತದೆ, ಎಳೆದರೆ ಬೀಗ ಬಿಡುತ್ತದೆ. ನಿಮ್ಮ ಕಾರಿನಲ್ಲಿ ಅದು ಎಲ್ಲಿದೆ ಅಂತ ಮನೆಯಲ್ಲೇ ನೋಡಿಟ್ಟುಕೊಳ್ಳಿ.

ಇನ್ನೂ 9 ಪರ್ಸೆಂಟ್ ಇತ್ತು, ನಿಂತುಬಿಟ್ಟಿತು

ಇದು ಬೇರೆ ರೋಗ. ಈಗ ಬಹಳ ಕಾರುಗಳಲ್ಲಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಅನ್ನುವ ಬ್ಯಾಟರಿ ಇದೆ. ಗಟ್ಟಿಮುಟ್ಟು, ಆದರೆ ಅದರ ವೋಲ್ಟೇಜು ಮಧ್ಯದಲ್ಲಿ ಚಪ್ಪಟೆ. 80 ಪರ್ಸೆಂಟ್ ಇದ್ದಾಗಲೂ 30 ಇದ್ದಾಗಲೂ ಒಂದು ಸೆಲ್ಲು ಸುಮಾರು 3.2-3.3 ವೋಲ್ಟೇ ತೋರಿಸುತ್ತದೆ. ವೋಲ್ಟೇಜ್ ನೋಡಿ ಚಾರ್ಜ್ ಎಷ್ಟಿದೆ ಅಂತ ಹೇಳಲಾಗದು. ಹಾಗಾಗಿ ಕಾರು ಬಂದಿದ್ದೆಷ್ಟು, ಹೋಗಿದ್ದೆಷ್ಟು ಅಂತ ಕಿರಾಣಿ ಅಂಗಡಿ ಖಾತೆಯ ಹಾಗೆ ಲೆಕ್ಕ ಇಡುತ್ತದೆ. ದಿನಾ ಸಣ್ಣ ಸಣ್ಣ ತಪ್ಪು ಸೇರಿಕೊಳ್ಳುತ್ತವೆ. 100 ಪರ್ಸೆಂಟ್ ತಲುಪಿದಾಗ ಮಾತ್ರ ಖಾತೆ ಹೊಸದಾಗಿ ಶುರು. ‘80ಕ್ಕಿಂತ ಜಾಸ್ತಿ ಹಾಕಬಾರದು’ ಅನ್ನುವ ಉಪದೇಶ ಕೇಳಿ ತಿಂಗಳುಗಟ್ಟಲೆ ಫುಲ್ ಮಾಡದವರ ಕಾರೇ ಹೀಗೆ ಕೈಕೊಡುವುದು ಜಾಸ್ತಿ.

ಜೊತೆಗೆ ಸೆಲ್ಲುಗಳು ಸರಪಳಿಯ ಹಾಗೆ ಒಂದರ ಹಿಂದೆ ಒಂದು ಕೂತಿರುತ್ತವೆ, ನೂರರ ಆಸುಪಾಸು. ಅವುಗಳಲ್ಲಿ ಒಂದು ಸೊರಗಿದ್ದರೂ ಏರು ಹತ್ತುವಾಗ ಅದು ಮೊದಲು ಕುಸಿಯುತ್ತದೆ, ಇಡೀ ಕಾರು ನಿಲ್ಲುತ್ತದೆ. ಮನೆಗೆ ಬಂದ ಮೇಲೆ ನಿಧಾನದ ಚಾರ್ಜರಿನಲ್ಲಿ 100ರ ತನಕ ಹಾಕಿ, ಆಮೇಲೂ ಒಂದೆರಡು ಗಂಟೆ ಗನ್ ತೆಗೆಯಬೇಡಿ. ಸೆಲ್ಲುಗಳು ಸಮ ಆಗುವುದು ಆಗಲೇ. ಒಂದು ವಾರದಲ್ಲಿ ಎರಡು ಮೂರು ಸಲ ಹೀಗೆ ಮಾಡಿ. ಅಷ್ಟಾದರೂ 9ರಿಂದ ಸೊನ್ನೆಗೆ ಹಾರಿದರೆ ಫೋಟೋ, ವಿಡಿಯೋ ತೆಗೆದುಕೊಂಡು ಸರ್ವಿಸ್ ಸೆಂಟರಿಗೆ ಹೋಗಿ. ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುವ ಕಂಪನಿಗಳು ಹಲವಿವೆ. ‘ಎಲ್ಲಾ ಕಾರು ಹಾಗೇ ಸರ್’ ಅಂದರೆ ಲಿಖಿತವಾಗಿ ಕೊಡಿ ಅನ್ನಿ.

ನನ್ನ ಲೆಕ್ಕ ತಪ್ಪಿದ್ದು

ನನ್ನ ಕಾರಿನಲ್ಲಿ ಯಾವ ದೋಷವೂ ಇರಲಿಲ್ಲ. ಘಾಟಿಯ ಕೆಳಗಿನ ನೆಲ್ಯಾಡಿಯಲ್ಲಿ 31 ಪರ್ಸೆಂಟ್ ಇತ್ತು, 70 ಕಿಲೋಮೀಟರ್ ಹೋಗುತ್ತದೆ ಅಂತ ಕಾರು ಹೇಳುತ್ತಿತ್ತು. ಸಕಲೇಶಪುರಕ್ಕೆ ಐವತ್ತು ಚಿಲ್ಲರೆ. ಸಾಕಲ್ಲ ಅಂದುಕೊಂಡೆ. ನೆಲ್ಯಾಡಿಯ ಚಾರ್ಜರಿನ ಮುಂದೆ ಇಬ್ಬರು ಕಾಯುತ್ತಿದ್ದರು, ನನಗೆ ಕಾಯುವ ತಾಳ್ಮೆ ಇರಲಿಲ್ಲ.

ಕಾರು ಹೇಳಿದ 70, ಅದುವರೆಗೆ ಓಡಿಸಿದ ಸಪಾಟು ರಸ್ತೆಯ ಲೆಕ್ಕ. ಮುಂದೆ ಘಾಟಿ ಇದೆ ಅಂತ ಅದಕ್ಕೆ ಗೊತ್ತಿಲ್ಲ. ಅಡ್ಡಹೊಳೆಯಿಂದ ಹೆಗ್ಗದ್ದೆ ತನಕ 26 ಕಿಲೋಮೀಟರ್ ಘಾಟಿ, ಒಟ್ಟು ಏರು ಸುಮಾರು 800 ಮೀಟರ್. ಜನ, ಲಗೇಜು ಸೇರಿ 1,600 ಕಿಲೋ ಭಾರವನ್ನು 800 ಮೀಟರ್ ಎತ್ತುವುದಕ್ಕೇ ಮೂರೂವರೆ ಯೂನಿಟ್ ಬೇಕು. ಮೋಟಾರಿನ ನಷ್ಟ ಸೇರಿದರೆ ನಾಲ್ಕು. ರಸ್ತೆಯ ಉದ್ದಕ್ಕೆ ಏಳು ಯೂನಿಟ್ ಬೇರೆ. ಒಟ್ಟು ಹನ್ನೊಂದರ ಮೇಲೆ. ನನ್ನ ಹತ್ತಿರ ಇದ್ದದ್ದು ಒಂಬತ್ತು ಚಿಲ್ಲರೆ. ಒದ್ದೆ ರಸ್ತೆ, ಗಾಜಿನ ಮಂಜು ತೆಗೆಯಲು ಎಸಿ, ಲಾರಿ ಹಿಂದೆ ನಿಂತು ನಿಂತು ಹೋಗಿದ್ದು, ಇವುಗಳ ಲೆಕ್ಕ ಹಾಕಿಯೇ ಇಲ್ಲ.

ಈಗ ನಾನು ಇಟ್ಟುಕೊಂಡಿರುವ ಅಂದಾಜು ಇಷ್ಟು: ನನ್ನಂಥ ಕಾರಿಗೆ ಪ್ರತಿ ನೂರು ಮೀಟರ್ ಏರಿಗೆ ಅರ್ಧ ಯೂನಿಟ್ ಬೇರೆ ತೆಗೆದಿಡಬೇಕು. ಚಾರ್ಮಾಡಿಯಾಗಲಿ, ಮಡಿಕೇರಿಯಾಗಲಿ, ಇದೇ ಲೆಕ್ಕ. ಮ್ಯಾಪಿನಲ್ಲಿ ಎರಡೂ ಊರಿನ ಎತ್ತರ ನೋಡಿ ಕಳೆದರೆ ಆಯಿತು. ಅದರ ಮೇಲೆ 15 ಪರ್ಸೆಂಟ್ ಉಳಿಯುವ ಹಾಗಿದ್ದರೆ ಹೊರಡುತ್ತೇನೆ, ಇಲ್ಲದಿದ್ದರೆ ಸರತಿಯಲ್ಲಿ ಕಾಯುತ್ತೇನೆ. ಡಿಕ್ಕಿಯಲ್ಲಿ ಪೋರ್ಟಬಲ್ ಚಾರ್ಜರ್, ಹತ್ತು ಮೀಟರ್ ದಪ್ಪ ವೈರು, ಜಂಪ್ ಸ್ಟಾರ್ಟರ್, ಒಂದು ಟಾರ್ಚು ಇರುತ್ತದೆ. ಡ್ಯಾಶ್‌ಕ್ಯಾಮ್ ವೈರನ್ನು ಭಾವ ಬದಲಿಸಿಕೊಂಡಿದ್ದಾರೆ, ಕಾರು ಆಫ್ ಆದರೆ ಅದೂ ಆಫ್.